ಹೊನ್ನೆ ಎಣ್ಣೆ ಕುಡಿದ ಬ್ರೇಕು

ತೀರ್ಥಹಳ್ಳಿ
ಮಂಗಳವಾರ, ೨೫ ಅಕ್ಟೋಬರ್ ೧೯೮೩

ನನ್ನ ಗಿರಿಯಣ್ಣನಿಗೆ,

ನಮಸ್ಕಾರ, ಕುಶಲ, ಊರಿನ ಸಮಾಚಾರ ಎಲ್ಲ ಆಮೇಲೆ. ಮೊದಲು ಸುದ್ದಿ ಕೇಳು. ಗೆದ್ದೆವು ಅಣ್ಣಾ, ಗೆದ್ದೆವು! ಮೊನ್ನೆ ಭಾನುವಾರ ಆನಂದಪುರದ ಹಳೇ ಕಲ್ಲುಕ್ವಾರಿಯಲ್ಲಿ ನಮ್ಮ ಮನೆಯವರು ನೀನು ಬಿಟ್ಟುಹೋದ ಅದೇ ಜಾವಾ ಗಾಡಿಯಲ್ಲಿ ಪಂದ್ಯದ ಐದು ಘಟ್ಟಗಳನ್ನೂ ಕಾಲೂರದೆ ದಾಟಿದರು. ಹತ್ತೊಂಬತ್ತು ಜನ ಬಂದಿದ್ದರು, ಶಿವಮೊಗ್ಗದಿಂದ ಹೊಸ ಹೊಸ ಗಾಡಿ ತಂದವರೂ ಇದ್ದರು. ಒಂದು ಸಲವೂ ಕಾಲು ನೆಲಕ್ಕೆ ತಾಗಿಸದವರು ಇವರೊಬ್ಬರೇ. ಬಹುಮಾನದ ಹಿತ್ತಾಳೆ ಕಪ್ಪು ಈಗ ನಮ್ಮ ರೇಡಿಯೋ ಪಕ್ಕದಲ್ಲಿದೆ, ನಿನ್ನೆಯಿಂದ ನಾನು ಅದನ್ನು ನಾಲ್ಕು ಸಲ ಹುಣಿಸೆಹಣ್ಣು ಹಚ್ಚಿ ತಿಕ್ಕಿದ್ದೇನೆ.

ಎರಡು ವರ್ಷದಿಂದ ಒಂದು ಕಾರ್ಡೂ ಹಾಕದವಳಿಗೆ ಈಗ ಇದೇನು ಬಂತು ಎಂದು ನಿನಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಹರಿದು ಬಿಸಾಡಬೇಡ, ಪೂರ್ತಿ ಓದು. ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಬಚ್ಚಲಲ್ಲಿ ಜಾರಿ ಬಲಗೈ ಮೊಣಕೈ ತರಚಿಕೊಂಡಿದ್ದೇನೆ, ಮಡಚಿದರೆ ಚುರುಗುಟ್ಟುತ್ತದೆ.

ನಮ್ಮ ಓಣಿಯವರಿಗೆಲ್ಲ ಈ ಪಂದ್ಯ ಏನು ಎಂದು ವಿವರಿಸಿ ವಿವರಿಸಿ ನನ್ನ ಬಾಯಿ ನೋಯುತ್ತಿದೆ. ವೆಂಕಮ್ಮನವರು ಬಂದು, “ನಿಮ್ಮೋರು ಎಷ್ಟು ಸ್ಪೀಡಲ್ಲಿ ಓಡಿಸಿದ್ರು?” ಅಂತಾರೆ. ಇದು ಓಡಿಸುವ ಪಂದ್ಯವಲ್ಲ ಮಾರಾಯರೇ, ನಿಧಾನ ಮಾಡುವ ಪಂದ್ಯ, ಬಂಡೆ ಹತ್ತಬೇಕು, ಇಳಿಯಬೇಕು, ಕಾಲು ಊರಿದರೆ ಒಂದು ಅಂಕ, ಬಿದ್ದರೆ ಐದು, ಯಾರ ಅಂಕ ಕಡಿಮೆಯೋ ಅವರು ಗೆದ್ದರು ಎಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, “ಹಂಗಾದ್ರೆ ಮನೇಲೇ ಕೂತಿದ್ರೆ ಸೊನ್ನೆ ಬರ್ತಿರ್ಲಿಲ್ವಾ?” ಎಂದು ಕೇಳಿದರು. ನಾನು ಕಾಫಿ ಕೊಟ್ಟು ಕಳಿಸಿದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವ ಕಥೆಯನ್ನೇ ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಎರಡು ವರ್ಷ ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ಬೇರೆಯೇ ಕಥೆ.

ಎಂಬತ್ತೊಂದರ ದಸರಾ. ಪಂದ್ಯಕ್ಕೆ ಮೂರು ದಿನ ಇರುವಾಗ ನೀನು ಹೊಸನಗರದಿಂದ ಗಾಡಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದೆ. ಮುಂದಿನ ಬ್ರೇಕಿಗೆ ಹೊಸ ಲೈನರ್ ಹಾಕಿದ್ದೇನೆ, ಇನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದೆ. ಭಾನುವಾರ ಇವರು ಆನೆಬೆನ್ನು ಎನ್ನುವ ಆ ಇಳಿಜಾರಿಗೆ ಬಂದರು. ಅದರ ಬುಡದಲ್ಲೇ ಮಳೆನೀರಿನ ಹೊಂಡ. ಹೊಂಡದ ಅಂಚಿನಲ್ಲಿ ಗಾಡಿಯನ್ನು ಹೆಚ್ಚುಕಮ್ಮಿ ನಿಲ್ಲಿಸಿ ಎಡಕ್ಕೆ ತಿರುಗಿಸಬೇಕು. ಬ್ರೇಕು ಹಿಡಿಯಲಿಲ್ಲ. ಗಾಡಿ, ಇವರು ಎಲ್ಲ ಹೊಂಡಕ್ಕೆ. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಸಾಗರದ ಹೇರಂಬ ಮೈಕು ಹಿಡಿದು, “ಬ್ರೇಕ್ ಫೇಲ್! ಹೊಸನಗರದ ಗಿರಿಯಪ್ಪನವರ ಬ್ರೇಕು ಫೇಲ್!” ಎಂದು ಇಡೀ ಕ್ವಾರಿಗೆ ಕೇಳುವಂತೆ ಕೂಗಿದ. ನಾನು ಅಷ್ಟು ಜನರ ನಡುವೆ ನಿನ್ನ ಎದುರು ನಿಂತು, ಇವತ್ತಿಗೆ ನನಗೆ ಅಣ್ಣ ಎನ್ನುವವನು ಸತ್ತ ಎಂದೆ. ನೀನು ಒಂದು ಮಾತು ಎದುರಾಡಲಿಲ್ಲ. ತಿಂಗಳು ತುಂಬುವುದರೊಳಗೆ ಶಾಪಿಗೆ ಬೀಗ ಹಾಕಿ, ಬೀಗದಕೈಯನ್ನು ಸಾಗರದಲ್ಲಿ ಲೇತಿನ ಹುಲಿಯಪ್ಪನ ಹತ್ತಿರ ಕೊಟ್ಟು, ಹುಬ್ಬಳ್ಳಿಗೆ ಹೋಗಿ ಯಾರದೋ ಗ್ಯಾರೇಜಿನಲ್ಲಿ ಕೂಲಿಗೆ ಸೇರಿದೆ.

ಈ ವರ್ಷ ಶ್ರಾವಣದಲ್ಲಿ ಶಾಪಿನ ಕಟ್ಟಡದ ಯಜಮಾನ ವೆಂಕಟ್ರಮಣಯ್ಯನವರ ಕಾಗದ ಬಂತು. ಮುಚ್ಚಿದ ಅಂಗಡಿ ಇಟ್ಟುಕೊಂಡು ಏನು ಮಾಡಲಿ, ದೀಪಾವಳಿಯೊಳಗೆ ನಿಮ್ಮ ಅಣ್ಣನ ಸಾಮಾನು ತೆಗೆಸಿ, ಇಲ್ಲವಾದರೆ ಬಟ್ಟೆ ಅಂಗಡಿಯವರಿಗೆ ಕೊಡುತ್ತೇನೆ ಎಂದು ಬರೆದಿದ್ದರು. ನಾನು ಕೋಪದಲ್ಲೇ ಹೋದೆ ಅಣ್ಣ. ಎಲ್ಲವನ್ನೂ ಗುಜರಿಗೆ ಹಾಕಿ ಕೈತೊಳೆದುಕೊಂಡು ಬರುತ್ತೇನೆ ಎಂದು ಹೊರಟವಳು ನಾನು.

ಹುಲಿಯಪ್ಪನಿಂದ ಬೀಗದಕೈ ಇಸಿದುಕೊಂಡು ಹೋಗಿ ಬಾಗಿಲು ತೆಗೆದಾಗ ಗ್ರೀಸಿನ ವಾಸನೆ ಬಂತು ನೋಡು, ಕೋಪ ಅಲ್ಲೇ ಅರ್ಧ ಇಳಿಯಿತು. ಅಪ್ಪ ಹೋದ ಮೇಲೆ ನಾವಿಬ್ಬರೂ ಆ ಶಾಪಿನ ಹಿಂದಿನ ಕೋಣೆಯಲ್ಲೇ ಅಲ್ಲವೇ ಬೆಳೆದದ್ದು. ನನ್ನ ಮದುವೆಯ ಅರಿಶಿನ ಕುಟ್ಟಿದ್ದೂ ಅಲ್ಲೇ, ನೀನು ಬಾಗಿಲಿಗೆ ನಿಂತು ಕಣ್ಣೊರೆಸಿಕೊಂಡದ್ದೂ ಅಲ್ಲೇ. ಬೇರೆ ಹೆಂಗಸರಿಗೆ ತವರು ಎಂದರೆ ಮನೆ, ನನಗೆ ಆ ಶಾಪು. ಜಾವಾ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಮೇಲಿನ ಹಲಗೆಯಲ್ಲಿ ನಿನ್ನ ನೀಲಿ ರಟ್ಟಿನ ನೋಟ್‌ಬುಕ್ಕು, ಅದರ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯೊಳಗೆ ಹಳೇ ಪೇಪರಿನಲ್ಲಿ ಸುತ್ತಿದ ಎರಡು ಬ್ರೇಕ್ ಶೂ, ಆ ಸಲ ನೀನು ಹೊಸ ಲೈನರ್ ಕೂರಿಸಿದವೇ. ಪೇಪರು ಬಿಡಿಸಿದೆ. ಹೊನ್ನೆ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಶೂ ಜೊತೆಗೆ ಒಂದು ತುಂಡು ಕೋಳಿಪುಕ್ಕ ಇತ್ತು, ಕೆಂಪಗೆ, ತುದಿ ಕಪ್ಪು. ನಮ್ಮ ಮನೆಯ ಹುಂಜದ್ದು.

ಪುಕ್ಕವನ್ನು ಬಾಗಿಲ ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದೆ.

ಆಯುಧಪೂಜೆಯ ದಿನ ನಾನು ಮನೆಯ ಕಬ್ಬಿಣವನ್ನೆಲ್ಲ ತೊಳೆದು ಎಣ್ಣೆ ಸವರುವವಳು ಎಂದು ನಿನಗೆ ಗೊತ್ತಲ್ಲ. ಅಮ್ಮನೇ ಕಲಿಸಿದ್ದು. ಕತ್ತಿ, ಗುದ್ದಲಿ, ಈಳಿಗೆಮಣೆ, ಬಾಗಿಲ ತಿರುಗಣೆ, ಇವರ ಸೈಕಲ್ಲು, ಎಲ್ಲದಕ್ಕೂ ಕೋಳಿಪುಕ್ಕದಲ್ಲಿ ಹೊನ್ನೆ ಎಣ್ಣೆ. ಆ ಸಲ ಗಾಡಿಯನ್ನು ಪೂಜೆಗೆಂದು ತುಳಸಿಕಟ್ಟೆಯ ಹತ್ತಿರ ತಳ್ಳಿದಾಗ ಮುಂದಿನ ಚಕ್ರ ಕಿರ್ ಕಿರ್ ಎಂದಿತು. ಹೊಸ ಲೈನರ್ ಸ್ವಲ್ಪ ಉಜ್ಜುತ್ತದೆ, ಉಜ್ಜಬೇಕು ಎಂದು ಈಗ ನನಗೆ ಗೊತ್ತು. ಆವತ್ತು ನನಗೆ ಗೊತ್ತಿದ್ದದ್ದು ಒಂದೇ, ಕಬ್ಬಿಣ ಕಿರುಗುಟ್ಟಿದರೆ ಅದಕ್ಕೆ ಎಣ್ಣೆ ಬೇಕು. ಪಾಪ, ಹಬ್ಬದ ದಿನ ಅಳುತ್ತಿದೆ ಎಂದುಕೊಂಡು ಚಕ್ರದ ನಡುವಿನ ಗುಂಬದ, ಬ್ರೇಕು ಇರುವ ಆ ಡ್ರಮ್ಮಿನ ಸಂದಿಗೆ ಪುಕ್ಕ ತೂರಿಸಿ ಧಾರಾಳವಾಗಿ ಬಿಟ್ಟೆ. ಪುಕ್ಕದ ತುದಿ ಮುರಿದು ಒಳಗೇ ಉಳಿಯಿತು. ಕಿರುಗುಟ್ಟುವುದು ನಿಂತಿತು, ನಾನು ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ಕೈಮುಗಿದೆ. ಆಮೇಲೆ ಅದು ನೆನಪಿಗೇ ಬರಲಿಲ್ಲ. ದೇವರಾಣೆ ಅಣ್ಣ, ಬಚ್ಚಿಟ್ಟದ್ದಲ್ಲ, ನೆನಪೇ ಬರಲಿಲ್ಲ.

ಆದರೆ ನೀನು! ನೀನು ಚಕ್ರ ಬಿಚ್ಚಿ ನೋಡಿದ್ದೀಯ. ವಾಸನೆ ಹಿಡಿದಿದ್ದೀಯ. ಪುಕ್ಕ ಯಾರ ಮನೆಯದು ಎಂದು ನಿನಗೆ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ, ಆ ಹುಂಜವನ್ನು ನೀನೇ ನನಗೆ ತಂದುಕೊಟ್ಟದ್ದು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಗಂಡನ ಕಾಲು ಮುರಿದದ್ದು ತನ್ನ ಕೈಯಿಂದ ಎಂದು ಗೊತ್ತಾದರೆ ಇವಳು ಬದುಕಿದಷ್ಟು ದಿನ ಸಾಯುತ್ತಾಳೆ ಎಂದು ಯೋಚಿಸಿದೆಯಾ? ಅದಕ್ಕೆ ನಿನ್ನ ಹೆಸರು, ನಿನ್ನ ಶಾಪು, ನಿನ್ನ ಊರು ಎಲ್ಲ ಬಿಟ್ಟುಕೊಟ್ಟೆಯಾ? ನಿನ್ನ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ! ನನಗೆ ಅಳು ಎಷ್ಟು ಬಂತೋ ಸಿಟ್ಟೂ ಅಷ್ಟೇ ಬಂತು. ಸಿಟ್ಟು ಇನ್ನೂ ಇದೆ, ನೀನು ಬಂದಾಗ ಬೈಯುತ್ತೇನೆ.

ಮನೆಗೆ ಬಂದು ಇವರ ಮುಂದೆ ಡಬ್ಬಿ ಇಟ್ಟು ಎಲ್ಲ ಹೇಳಿದೆ. ಇವರು ಪುಕ್ಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. “ಎರಡು ವರ್ಷ ಭಾವಂಗೆ ಬೈದ್ನಲ್ಲೇ ಹೂವಿ, ದಿನಾ ಕಾಲು ನೋವು ಬಂದಾಗೆಲ್ಲ ಬೈದೆ,” ಎಂದರು. ಆಮೇಲೆ ಎದ್ದು, “ಗಾಡಿ ರಿಪೇರಿ ಮಾಡ್ಸು. ಈ ಸಲದ ಪಂದ್ಯಕ್ಕೂ ನಾನೇ ಹೋಗ್ತೀನಿ,” ಎಂದರು. ಆ ಕಾಲು ಈಗಲೂ ಪೂರ್ತಿ ಮಡಚುವುದಿಲ್ಲ. ಇವರು ದನಗಳ ಆಸ್ಪತ್ರೆಯ ಕಾಂಪೌಂಡರು, ಗುಡ್ಡ ಹತ್ತಿ ಇಳಿದು ಗಾಡಿ ಓಡಿಸಿದ ಅಭ್ಯಾಸ ಇದೆ, ಒಪ್ಪುತ್ತೇನೆ. ಆದರೆ ಉಳಿದವರಿಗೆ ಗಾಡಿ ವಾಲಿದರೆ ತಟ್ಟನೆ ಎಡಗಾಲು ಊರುವ ಆಸರೆಯಾದರೂ ಇರುತ್ತದೆ. ಇವರಿಗೆ ಅದೂ ಇಲ್ಲ. ಬ್ರೇಕು ಹಿಡಿದರೆ ಉಂಟು, ಇಲ್ಲದಿದ್ದರೆ ಇನ್ನೊಂದು ಸಲ ಅದೇ ಹೊಂಡ. ಬೇಡ ಎಂದು ಗೋಗರೆದೆ. “ಅದೇ ಬಂಡೆ, ಅದೇ ಗಾಡಿ, ಅದೇ ಕಾಲು. ಇಲ್ದಿದ್ರೆ ಭಾವನ ಹೆಸರು ಯಾವ ನೀರಲ್ಲಿ ತೊಳೀತೀಯ?” ಎಂದು ಕೇಳಿದರು.

ಅಲ್ಲಿಂದ ಶುರುವಾಯಿತು ನನ್ನ ವಿದ್ಯಾಭ್ಯಾಸ. ನಗಬೇಡ. ಮೊದಲು ಆ ಎಣ್ಣೆ ಶೂಗಳನ್ನೇ ಸೀಗೆಪುಡಿ ಹಾಕಿ ಕುದಿಸಿ, ತೆಂಗಿನ ನಾರಿನಲ್ಲಿ ತಿಕ್ಕಿ, ಮೂರು ದಿನ ಬಿಸಿಲಿಗಿಟ್ಟು ಹುಲಿಯಪ್ಪನ ಹತ್ತಿರ ತೆಗೆದುಕೊಂಡು ಹೋದೆ. ಅವನು ಮೂಸಿ ನೋಡಿ ಲೇತು ನಿಲ್ಲಿಸಿ ನಕ್ಕ. “ಅಕ್ಕಾ, ಲೈನರ್ ಎಣ್ಣೆ ಕುಡಿದ್ರೆ ಮುಗೀತು. ಇದೇನು ತಲೆಕೂದ್ಲಾ ಸೀಗೆಪುಡಿ ಹಾಕಕ್ಕೆ?” ಎಂದ. ಹೊಸ ಲೈನರನ್ನು ಅವನೇ ರಿವೆಟ್ ಹೊಡೆದು ಕೂರಿಸಿದ. ಡ್ರಮ್ಮು ನೋಡಲು ದುಂಡಗಿದ್ದರೂ ಒಂದು ಕಡೆ ಸವೆದಿತ್ತು, ಅದನ್ನು ಲೇತಿಗೆ ಏರಿಸಿ ಕೂದಲೆಳೆಯಷ್ಟು ಕೆತ್ತಿದ.

ಮಿಕ್ಕಿದ್ದೆಲ್ಲ ನಿನ್ನ ನೋಟ್‌ಬುಕ್ಕು ನೋಡಿಕೊಂಡು ನಾನೇ ಮಾಡಿದೆ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸಿ, ಬ್ರೇಕು ಹಿಡಿದು, ಮತ್ತೆ ಬಿಚ್ಚಿ ನೋಡುವುದು, ಲೈನರಿನ ಮೇಲೆ ಎಲ್ಲಿ ಬಿಳಿ ಹತ್ತಿದೆಯೋ ಅಲ್ಲಿ ಮಾತ್ರ ಅರದಲ್ಲಿ ತಿಕ್ಕುವುದು. ಮೊದಲ ದಿನ ಎರಡು ತುದಿಯಲ್ಲಿ ಮಾತ್ರ ಬಿಳಿ ಇತ್ತು. ಹದಿನಾಲ್ಕನೇ ಸಲ ಬಿಚ್ಚಿದಾಗ ಶೂ ಪೂರ್ತಿ ಬೆಳ್ಳಗಾಗಿತ್ತು, ನಾನು ಶಾಪಿನಲ್ಲೇ ಒಬ್ಬಳೇ ಚಪ್ಪಾಳೆ ತಟ್ಟಿದೆ. ಲೈನರಿನ ಮುಂದಿನ ಅಂಚನ್ನು ಓರೆ ಮಾಡು, ಇಲ್ಲವಾದರೆ ಒಮ್ಮೆಲೇ ಕಚ್ಚುತ್ತದೆ ಎಂದು ಬರೆದಿದ್ದೆಯಲ್ಲ, ಮಾಡಿದೆ. ಚಕ್ರದ ಮೇಲಿರುವ ಬ್ರೇಕಿನ ತೋಳನ್ನು ಒಂದಂಗುಲ ಉದ್ದ ಮಾಡಿದರೆ ಎರಡು ಬೆರಳಿಗೆ ಬ್ರೇಕು ಸಿಗುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗೀಚಿ ಪ್ರಶ್ನೆಚಿಹ್ನೆ ಹಾಕಿದ್ದೆ. ಆ ಪ್ರಶ್ನೆಗೆ ಉತ್ತರ ಹೌದು ಅಣ್ಣ. ಹುಲಿಯಪ್ಪ ವೆಲ್ಡಿಂಗ್ ಮಾಡಿಕೊಟ್ಟ. ಈಗ ತೋರುಬೆರಳು, ನಡುಬೆರಳು ಸಾಕು, ಉಳಿದ ಬೆರಳಲ್ಲಿ ಹ್ಯಾಂಡಲ್ಲು ಬಿಗಿಯಾಗಿ ಹಿಡಿಯಬಹುದು. ಕೇಬಲ್ಲಿನ ಬಾಯಿಗೆ ಕಾಗದದ ಆಲಿಕೆ ಕಟ್ಟಿ ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಹನಿ ಹನಿಯಾಗಿ ಇಳಿಸಿದೆ. ಆಗ ಹುಲಿಯಪ್ಪ ಪಕ್ಕದಲ್ಲೇ ಕಾವಲು ನಿಂತಿದ್ದ. “ಅಕ್ಕಾ, ನಿಮ್ ಕೈಗೆ ಎಣ್ಣೆ ಬಂತು ಅಂದ್ರೆ ನಂಗೆ ಭಯ,” ಎಂದ.

ಹಿಂದಿನ ಚೈನಿಗೆ ದೊಡ್ಡ ಹಲ್ಲಿನ ಚಕ್ರ, ಮೇಲಕ್ಕೆತ್ತಿದ ಸೈಲೆನ್ಸರು, ಅಗಲ ಹ್ಯಾಂಡಲ್ಲು ಇವೆಲ್ಲ ಹುಲಿಯಪ್ಪನ ಕೈಕೆಲಸ. ಎಡಗಡೆಯ ಕಾಲು ಇಡುವ ಕಂಬಿಯನ್ನು ಮಾತ್ರ ಇವರ ಕಾಲು ಎಷ್ಟು ಮಡಚುತ್ತದೋ ಅಷ್ಟಕ್ಕೆ ಸರಿಯಾಗಿ ನಾನೇ ಅಳತೆ ಹಿಡಿದು ಕೆಳಗಿಳಿಸಿದೆ.

ಕೊನೆಯ ಕೆಲಸಕ್ಕೆ ಇಬ್ಬರು ಬೇಕು ಎಂದು ನೀನು ಬರೆದಿದ್ದೆ. ನಟ್ಟು ಸಡಿಲ ಬಿಟ್ಟು ಚಕ್ರ ತಿರುಗಿಸು, ಒಬ್ಬರು ಬ್ರೇಕು ಗಟ್ಟಿಯಾಗಿ ಹಿಡಿ, ಹಿಡಿದುಕೊಂಡಿರುವಾಗಲೇ ಇನ್ನೊಬ್ಬರು ನಟ್ಟು ಬಿಗಿ ಮಾಡು, ಆಗ ಶೂ ನಡುಮಧ್ಯಕ್ಕೆ ಬಂದು ಕೂರುತ್ತದೆ. ಇವರು ಹಿಡಿದರು, ನಾನು ಬಿಗಿ ಮಾಡಿದೆ. ಇವರ ಕೈ ಬ್ರೇಕಿನ ಮೇಲೆ ಬಿಳಿಚಿಕೊಳ್ಳುವಷ್ಟು ಬಿಗಿಯಾಗಿತ್ತು. ಬಿಟ್ಟ ಮೇಲೆ ಚಕ್ರ ತಿರುಗಿಸಿದೆ. ಕಿರ್ ಎಂದಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಈ ವರ್ಷದ ಆಯುಧಪೂಜೆಗೆ ಗಾಡಿಗೆ ಹೂ ಹಾಕಿದೆ, ಕುಂಕುಮ ಇಟ್ಟೆ, ಎಣ್ಣೆಯ ಗಿಂಡಿಯನ್ನು ಮಾತ್ರ ವೆಂಕಮ್ಮನವರ ಮನೆಯಲ್ಲಿ ಬಚ್ಚಿಟ್ಟು ಬಂದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಕ್ವಾರಿಯಲ್ಲಿ ಜನ ಜಾತ್ರೆ. ಇವರು ಕುಂಟುತ್ತ ಗಾಡಿಯ ಹತ್ತಿರ ಹೋದಾಗ ಹಿಂದಿನಿಂದ ಯಾರೋ, “ಅದೇ ಬ್ರೇಕ್ ಫೇಲ್ ಗಾಡಿ ಅಲ್ವೇನೋ ಇದು?” ಎಂದರು. ನನಗೆ ಕೇಳಿಸಿತು, ಇವರಿಗೂ ಕೇಳಿಸಿತು. ಮೊದಲ ಮೂರು ಘಟ್ಟಗಳಲ್ಲಿ ಶಿವಮೊಗ್ಗದವರು ಒಬ್ಬೊಬ್ಬರೇ ಕಾಲು ಊರಿದರು. ಇವರು ಊರಲಿಲ್ಲ. ನಾಲ್ಕನೆಯದರಲ್ಲಿ ಮಂಡಿ ಮುಳುಗುವ ನೀರು ದಾಟಬೇಕು. ದಾಟಿದ ಮೇಲೆ ಎಲ್ಲರೂ ಹಾಗೇ ಹೋದರು, ಇವರು ಬ್ರೇಕನ್ನು ಅರೆಬರೆ ಹಿಡಿದುಕೊಂಡೇ ಸ್ವಲ್ಪ ದೂರ ಓಡಿಸಿದರು. ನೆಂದ ಲೈನರು ಉಜ್ಜಿಕೊಂಡು ಒಣಗಲಿ ಎಂದು. ಅದೂ ನಿನ್ನ ನೋಟ್‌ಬುಕ್ಕಿನ ಪಾಠವೇ.

ಕೊನೆಗೆ ಆನೆಬೆನ್ನು. ತುದಿಯಲ್ಲಿ ಇವರು ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಇಳಿದರು ಅಣ್ಣ. ಇಳಿದರು ಎನ್ನುವುದಕ್ಕಿಂತ ಗಾಡಿಯನ್ನು ಕೈಹಿಡಿದು ಇಳಿಸಿಕೊಂಡು ಬಂದರು. ಪಾಚಿಯ ಮೇಲೆ ಹಿಂದಿನ ಚಕ್ರ ಒಂದು ಸಲ ಅತ್ತ ಸರಿಯಿತು, ಜನ ಹೋ ಎಂದರು, ಮುಂದಿನ ಚಕ್ರ ಅಲುಗಲಿಲ್ಲ. ಹೊಂಡದ ಅಂಚಿಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು. ಪೂರ್ತಿ ನಿಂತಿತು. ಎರಡು ಕಾಲೂ ಕಂಬಿಯ ಮೇಲೆ. ಕಿರ್ ಎಂದು ಅದು ಕೂಗಿದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು. ಮತ್ತೆ ನಿಧಾನಕ್ಕೆ ಎಡಕ್ಕೆ ಹೊರಳಿ, ಮೇಲಕ್ಕೆ ಹತ್ತಿ ಗೆರೆ ದಾಟಿಬಿಟ್ಟರು. ನಾನು ಕಿರುಚಿದ್ದು ಆನಂದಪುರದ ಪೇಟೆಗೂ ಕೇಳಿಸಿರಬೇಕು. ಹುಲಿಯಪ್ಪ ಟವೆಲ್ಲು ಬೀಸುತ್ತ ಕುಣಿದ.

ಕಪ್ಪು ಕೊಡುವಾಗ ಹೇರಂಬ ಮೈಕಿನಲ್ಲಿ ಏನೋ ಹೊಗಳಲು ಶುರು ಮಾಡಿದ. ನಾನು ಹೋಗಿ ಮೈಕು ಕಿತ್ತುಕೊಂಡೆ. ಬೆವರುತ್ತಿದ್ದೆ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದೆ, “ಹೋದ್ ಸಲ ಗಿರಿಯಪ್ಪನ ಬ್ರೇಕು ಫೇಲ್ ಅಂತ ಇದೇ ಮೈಕಲ್ಲಿ ಕೂಗಿದ್ರಲ್ಲ, ಆ ಬ್ರೇಕಿಗೆ ಎಣ್ಣೆ ಬಿಟ್ಟವ್ಳು ನಾನು. ಅವನ ಬ್ರೇಕಲ್ಲಿ ಏನೂ ತಪ್ಪಿರ್ಲಿಲ್ಲ. ಫೇಲಾಗಿದ್ದು ಅವನ ತಂಗಿ.” ಹೇರಂಬ ಮೈಕು ಇಸಿದುಕೊಂಡ. ಅವನು ಕೆಟ್ಟವನಲ್ಲ, ಗಂಟಲು ದೊಡ್ಡದು ಅಷ್ಟೇ. ಎರಡು ವರ್ಷದ ಹಿಂದೆ ಕೂಗಿದ್ದಕ್ಕಿಂತ ಜೋರಾಗಿ, “ಹೊಸನಗರದ ಗಿರಿಯಪ್ಪನವರ ಬ್ರೇಕು! ಫಸ್ಟ್ ಪ್ರೈಜ್!” ಎಂದು ಮೂರು ಸಲ ಕೂಗಿದ. ನಾನು ಅಲ್ಲೇ ಅತ್ತೆ, ನನಗೆ ನಾಚಿಕೆಯೇನೂ ಆಗಲಿಲ್ಲ.

ನಿನ್ನೆ ವೆಂಕಟ್ರಮಣಯ್ಯನವರು ಹೇಳಿ ಕಳಿಸಿದರು. ಶಾಪಿನ ಬಾಗಿಲಲ್ಲಿ ಮೂರು ಗಾಡಿ ತಂದು ನಿಲ್ಲಿಸಿ ಹೋಗಿದ್ದಾರಂತೆ, ಎರಡು ಶಿವಮೊಗ್ಗದವು. ಗಿರಿಯಪ್ಪ ಯಾವಾಗ ಬರುತ್ತಾನೆ ಎಂದು ಕೇಳುತ್ತಿದ್ದಾರಂತೆ. ಬಟ್ಟೆ ಅಂಗಡಿಯವರಿಗೆ ಇಲ್ಲ ಎಂದು ಹೇಳಿಬಿಟ್ಟರಂತೆ. ನೀನು ದೀಪಾವಳಿಗೆ ಬಾ. ಬಂದು ಹೋಗುವುದಕ್ಕಲ್ಲ, ಇರುವುದಕ್ಕೆ ಬಾ. ಪ್ರತಿ ವರ್ಷ ತವರಿಗೆ ಕರೆಯುವುದು ಅಣ್ಣನ ಕೆಲಸ, ಈ ವರ್ಷ ತಂಗಿಯೇ ಅಣ್ಣನನ್ನು ತವರಿಗೆ ಕರೆಯುತ್ತಿದ್ದಾಳೆ. ಶಾಪು ಗುಡಿಸಿ ಇಟ್ಟಿದ್ದೇನೆ. ನಾನು ಅಂದ ಮಾತನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಅದು ನನಗೆ ಗೊತ್ತು. ಕ್ಷಮಿಸು ಎಂದು ಕೇಳುತ್ತೇನೆ, ಎದುರಿಗೆ ಬಂದಾಗ ಇನ್ನೊಂದು ಸಲ ಕೇಳುತ್ತೇನೆ.

ಇವರು ಈ ಕಾಗದ ಓದಿ ನಗುತ್ತಿದ್ದಾರೆ. ಅವರ ಖಾಕಿ ಪ್ಯಾಂಟಿನ ಮಂಡಿ ಹರಿದಿದೆ, ಹೇಗೆ ಎಂದು ನಿನ್ನೆಯಿಂದ ಕೇಳುತ್ತಿದ್ದಾರೆ. ಇಲಿ ಕಡಿದಿರಬೇಕು ಎಂದೆ. ಭಾವನಿಗೆ ನನ್ನ ನಮಸ್ಕಾರ ಬರಿ, ಆನೆಬೆನ್ನಿನ ಮೇಲೆ ಒಂದು ಕ್ಷಣವೂ ನನಗೆ ಹೆದರಿಕೆ ಆಗಲಿಲ್ಲ ಎಂದೂ ಬರಿ ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟರು.

ನಿನ್ನ ದಾರಿ ನೋಡುತ್ತಿರುವ,
ನಿನ್ನ ಬಾಯಿಬಡುಕಿ ತಂಗಿ
ಹೂವಿ

ಮತ್ತೊಂದು ಮಾತು. ಇವರು ಓಣಿಯ ತಿರುವು ದಾಟಿದರು, ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ನಾನು ಬಚ್ಚಲಲ್ಲಿ ಜಾರಲಿಲ್ಲ, ಪ್ಯಾಂಟನ್ನು ಇಲಿ ಕಡಿಯಲಿಲ್ಲ. ನನ್ನ ಕೈಯ ಬ್ರೇಕನ್ನು ನಂಬಿ ಇವರನ್ನು ಇನ್ನೊಂದು ಸಲ ಆ ಬಂಡೆಯ ಮೇಲೆ ಕಳಿಸುವುದು ಹೇಗೆ ಹೇಳು? ಹೋದ ಗುರುವಾರ ಹುಲಿಯಪ್ಪ ಗೊತ್ತುಮಾಡಿಕೊಟ್ಟ ಲಾರಿಯಲ್ಲಿ ಗಾಡಿ ಹಾಕಿಕೊಂಡು ಹೋಗಿ, ಇವರ ಪ್ಯಾಂಟು ಏರಿಸಿಕೊಂಡು, ಆನೆಬೆನ್ನನ್ನು ಮೊದಲು ಇಳಿದವಳು ನಾನು. ಶಾಪಿಗೆ ರಿಪೇರಿಗೆ ಬಂದ ಗಾಡಿಗಳಲ್ಲಿ ಯಾರಿಗೂ ಗೊತ್ತಿಲ್ಲದಂತೆ ನನಗೆ ಓಡಿಸಲು ಕಲಿಸಿದವನು ನೀನೇ, ಹಾಗಾಗಿ ಬೈಯುವ ಹಕ್ಕು ನಿನಗಿಲ್ಲ. ಮೊದಲ ಸಲ ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಹಿಡಿದು ಬಿದ್ದೆ, ಎರಡನೇ ಸಲ ಕಾಲು ಊರಿದೆ. ಇವರಿಗೆ ಹೇಳಬೇಡ. ಎರಡು ವರ್ಷ ನನಗಾಗಿ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಇದನ್ನೂ ಹಾಗೇ ಇಟ್ಟುಕೋ. ನಿನ್ನ ಬ್ರೇಕು ಹಿಡಿಯುತ್ತದೆ ಅಣ್ಣ. ಮೂರನೇ ಸಲ ನಾನೂ ಕಾಲೂರಲಿಲ್ಲ.